ಕೇಳದೆ ಹಚ್ಚಿದ ಗುರುತು

ನಮ್ಮ ಕಡೆ ಒಂದು ಮಾತು ಹೊರಗೆ ಬಿತ್ತೆಂದರೆ ಸಂತೆ ಮುಗಿಯುವುದರೊಳಗೆ ನಾಲ್ಕು ಊರು ಸುತ್ತಿ ಬರುತ್ತದೆ. ಹೊರ್ತಿಯ ಕುರಿಗಾರ ಸೋಮನಿಂಗನ ಮಾತನ್ನು ಮಾತ್ರ ಕಂಪ್ಯೂಟರೇ ಹೊರಗೆ ಹಾಕಿತು. ಇದು ೨೦೦೯ರ ಸುದ್ದಿ.

ಸೋಮನಿಂಗನ ಮಗಳು ಸುವರ್ಣಾ ಇಂಡಿಯಲ್ಲಿ ಶಮ್ಶುನ್ನೀಸಾಳ ಕಂಪ್ಯೂಟರ್ ಸೆಂಟರಿಗೆ ಹೋಗುತ್ತಿದ್ದಳು. ಮನೆಯ ಕಂಬಳಿ, ಕುರಿಗಳ ಫೋಟೊ ಹಾಕಿ ಒಂದು ಜಾಲತಾಣ ಮಾಡಿದ್ದಳು. ಎಷ್ಟು ಜನ ಬಂದರು, ಏನೇನು ನೋಡಿದರು ಎಂದು ಎಣಿಸುವ ಸಾಧನವನ್ನೂ ಜೋಡಿಸುವ ಆಸೆ ಅವಳಿಗೆ.

"ಎಣಸೂದಕ್ಕಿಂತ ಮೊದಲ ಬಂದವರನ್ನ ಒಂದು ಮಾತು ಕೇಳೂಣು," ಎಂದಳು ಶಮ್ಶುನ್ನೀಸಾ.

ಮಗಳ ಜೊತೆ ಬಂದಿದ್ದ ಸೋಮನಿಂಗನಿಗೆ ನಗು ಬಂತು. "ನಮ್ಮ ಅಂಗಳಕ್ಕ ಬಂದವರನ್ನ ನೋಡಾಕ ಅವರ ಅಪ್ಪಣಿ ಬೇಕೇನವ್ವ? ಕೇಳಿದ್ರ ಇದ್ದ ಗಿರಾಕಿನೂ ಓಡಿ ಹೋಗತೈತಿ. ಸುಮ್ನ ಎಣಸ್ರಿ." ಅಷ್ಟು ಹೇಳಿ, ಕುರಿ ಬೇನೆಯ ಬಗ್ಗೆ ಇಂಟರ್ನೆಟ್ಟಿನಲ್ಲಿ ಓದಿ ಹೇಳೆಂದು ಮಗಳನ್ನು ಅಲ್ಲೇ ಒಂದು ಕಂಪ್ಯೂಟರಿನ ಮುಂದೆ ಕೂರಿಸಿಕೊಂಡ.

ಮರುದಿನ ತಾಳಿಕೋಟೆಯ ಕುರಿ ವ್ಯಾಪಾರಿ ರಾಚಪ್ಪ ಬಂದ. ಸೋಮನಿಂಗ ಹೆಮ್ಮೆಯಿಂದ ಅವನನ್ನು ಸೆಂಟರಿಗೆ ಕರೆತಂದು, ಹಿಂದಿನ ದಿನದ ಅದೇ ಕಂಪ್ಯೂಟರಿನಲ್ಲಿ ಮಗಳಿಂದ ಫೋಟೊ ತೋರಿಸಿದ. ರಾಚಪ್ಪನಿಗೆ ಕುರಿ ಮನಸ್ಸಿಗೆ ಬಂದವು. ಪೇಟೆ ಧಾರಣೆ ನೋಡೋಣವೆಂದು ಬೇರೆ ಜಾಲತಾಣ ತೆಗೆಸಿದ. ಪಕ್ಕದಲ್ಲೇ ಜಾಹೀರಾತು: ಜಡ್ಡಾದ ಕುರಿ, ಔಷಧದ ಬಾಟಲಿ. ಇನ್ನೊಂದು ಪುಟ ತೆಗೆದರೆ ಅಲ್ಲಿಯೂ ಅದೇ.

"ಇದ್ಯಾಕ ಹೋದಲ್ಲೆಲ್ಲಾ ಕುರಿ ಬ್ಯಾನಿ ಔಷಧನ ತೋರಸಾಕತ್ತೈತಿ?" ಎಂದ ರಾಚಪ್ಪ.

"ನಿನ್ನೆ ಅಪ್ಪ ಇದರ ಮ್ಯಾಲ ಅದನ್ನ ನೋಡಿದ್ದ್ರಿ," ಎಂದುಬಿಟ್ಟಳು ಸುವರ್ಣಾ.

ರಾಚಪ್ಪನ ಮುಖ ಬದಲಾಯಿತು. "ಹಂಗಾದ್ರ ನಿನ್ನ ಹಿಂಡಿಗೆ ಬ್ಯಾನಿ ಬಂದೈತಿ."

"ಇಲ್ರಿ ಸಾವ್ಕಾರ್ರ. ಪಕ್ಕದೂರಿಗೆ ಬಂದಿತ್ತು. ನಮ್ಮ ಕುರಿಗೆ ಸೂಜಿ ಯಾವಾಗ ಹಾಕಸಬೇಕಂತ ತಿಳ್ಕೊಂಡೆ, ಅಷ್ಟ."

"ಆತ್ ಬಿಡು, ಆಮ್ಯಾಲ ನೋಡೂಣು," ಎಂದು ರಾಚಪ್ಪ ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟ.

ಈ ಮಾತು ತಾಳಿಕೋಟೆ ಸಂತೆಗೆ ಮುಟ್ಟಿದರೆ ಸೋಮನಿಂಗನ ಹಿಂಡನ್ನು ಯಾರೂ ಮೂಸಿ ನೋಡುವುದಿಲ್ಲ. ಅವನು ಶಮ್ಶುನ್ನೀಸಾಳ ಮೇಲೆ ಹರಿಹಾಯ್ದ. "ನಾ ನೋಡಿದ್ದು ಇದಕ್ಕ ಹೆಂಗ ಗೊತ್ತಾತು?"

"ಕಾಕಾ, ನೀವು ನೋಡಿದ ಜಾಲತಾಣದಿಂದ ಈ ಕಂಪ್ಯೂಟರಿನ್ಯಾಗ ಒಂದು ಸಣ್ಣ ಗುರ್ತು ಬಂದು ಕುಂತೈತಿ. ಅದಕ್ಕ ಕುಕೀ ಅಂತಾರ. ಕೆಲವು ಕುಕೀ ಬರೇ ಎಣಸ್ತಾವ: ಹೊಸಬರೋ, ಮೊದಲ ಬಂದು ಹೋದವರೋ, ಯಾವ ಪುಟ ನೋಡಿದ್ರು ಅಂತ. ಜಾಹೀರಾತಿನವರ ಕುಕೀ ಹಂಗಲ್ರಿ, ಎಲ್ಲಿ ಹೋದ್ರೂ ಬೆನ್ನು ಹತ್ತತಾವ."

"ನನ್ನ ಒಂದು ಮಾತು ಕೇಳಬೇಕಿತ್ತಲ್ಲ?"

"ನಿನ್ನೆ ನಾ ಹೇಳಿದ್ದೂ ಅದನ್ನ ಅಲ್ಲೇನ್ರಿ? ನಿಮ್ಮ ಕುರಿ ಮೇಯಾಕ ಹೋದಲ್ಲಿ ಯಾರರೇ ತಮ್ಮ ಗುರ್ತಿನ ಬಣ್ಣ ಹಚ್ಚಿ ಕಳಸಿದ್ರ ಸುಮ್ನಿರ್ತೀರೇನು?"

"ಬಡಿಗಿ ತಗೊಂಡು ಬಡಿಯಾಕ ಹೋಗ್ತೇನಿ," ಎಂದ ಸೋಮನಿಂಗ. ತಾನೂ ಜಾಲತಾಣಕ್ಕೆ ಬಂದವರಿಗೆ ಅದನ್ನೇ ಮಾಡಹೊರಟಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಶಮ್ಶುನ್ನೀಸಾ ಕುಕೀ ಅಳಿಸುವುದನ್ನು ಸುವರ್ಣಾಳಿಗೆ ಮಾಡಿ ತೋರಿಸಿದಳು. ಮತ್ತೆ ಧಾರಣೆ ತೆಗೆದಾಗ ಬೇನೆಯ ಕುರಿ ಕಾಣಲಿಲ್ಲ. ಸೋಮನಿಂಗ ಅಲ್ಲಿಂದಲೇ ರಾಚಪ್ಪನಿಗೆ ಫೋನ್ ಮಾಡಿದ. "ಸಾವ್ಕಾರ್ರ, ನೀವ ನಮ್ಮ ಕುರಿ ದಡ್ಡಿಗೆ ಬಂದು ನೋಡ್ರಿ. ನಿಮಗ ನಂಬಿಕಿದ್ದ ದನದ ಡಾಕ್ಟರನ್ನ ಕರಕೊಂಡು ಬರ್ರಿ."

ರಾಚಪ್ಪ ಡಾಕ್ಟರ ಜೊತೆಗೇ ಬಂದ. ಹಲ್ಲು ನೋಡಿದ, ಬೆನ್ನು ಸವರಿದ, ಬೇನೆಯಿಲ್ಲವೆಂದು ಡಾಕ್ಟರು ಹೇಳಿದ ಮೇಲೆ ಕುರಿ ಕೊಂಡು ಹೋದ.

ಈಗ ಸುವರ್ಣಾಳ ಜಾಲತಾಣ ತೆಗೆದರೆ ಮೊದಲು ಈ ಸಾಲು ಬರುತ್ತದೆ: "ಎಷ್ಟು ಜನ ಬಂದರೆಂದು ಎಣಿಸಲು ನಿಮ್ಮ ಕಂಪ್ಯೂಟರಿನಲ್ಲಿ ಒಂದು ಕುಕೀ ಇಡಬಹುದೇ?" ಕೆಳಗೆ ಎರಡು ಗುಂಡಿ, "ಆಗಲಿ", "ಬೇಡ".

"ಬ್ಯಾಡ ಅಂದವರಿಗೆ ಏನ ಮಾಡೂಣಪ್ಪ?" ಎಂದು ಮಗಳು ಕೇಳಿದ್ದಳು.

"ಅವರಿಗೂ ಕಂಬಳಿ ತೋರಸು. ಎಣಸಬ್ಯಾಡ, ಅಷ್ಟ."

ಆ ಸಾಲು ಹಾಕಿದ ಕೆಲವೇ ದಿನದಲ್ಲಿ ಮುದ್ದೇಬಿಹಾಳದ ಸಾವಿತ್ರವ್ವ ಎಂಬ ಗಿರಾಕಿಯ ಫೋನ್ ಬಂತು. "ಬ್ಯಾಡ ಅಂತ ಒತ್ತಿದಾಕಿ ನಾನ ನೋಡ್ರಿ. ಅಂದ್ರೂ ಕಂಬಳಿ ಎಲ್ಲಾ ತೋರಿಸಿದ್ರಿ. ಒಂದು ಮಾತು ಕೇಳಿದ್ರಲ್ಲ, ಅದಕ್ಕ ನಿಮ್ಮ ಕಡೆನ ಕೊಳ್ಳೂಣು ಅನಿಸ್ತು."

ಅಕ್ಕಗಳಿರಾ, ಅಣ್ಣಗಳಿರಾ, ನಾಲ್ಕು ಜನ ಬಳಸುವ ಕಂಪ್ಯೂಟರಿನಿಂದ ಏಳುವ ಮೊದಲು ಕುಕೀ ಅಳಿಸಿ ಏಳಿ. ಅಳಿಸಲು ಬರದಿದ್ದರೆ ಸೆಂಟರಿನವರನ್ನು ಕೇಳಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಒಪ್ಪಿಗೆ ಕೇಳಿದಾಗ ಓದಿ ಒತ್ತಿ. ನೀವೇ ಜಾಲತಾಣ ನಡೆಸುವವರಾದರೆ, ಬಂದವರನ್ನು ಎಣಿಸುವ ಮೊದಲು ಒಂದು ಮಾತು ಕೇಳಿ. "ಬೇಡ" ಎಂದವರಿಗೂ ಬಾಗಿಲು ತೆರೆದೇ ಇಡಿ.