ನಾಲ್ಕು ಬೆರಳಿನ ಗುರುತು

"ಇದೊಂದನ್ನ ಹಂಗೇ ಬಿಡು ಪಾಲಣ್ಣ," ಎಂದಳು ಗಾದ್ರಮ್ಮ, ಕುರಿಯ ಕೊರಳನ್ನು ತಬ್ಬಿಕೊಂಡು.

ಉಣ್ಣೆಯ ತುಪ್ಪಟ ಕತ್ತರಿಸಲು ಬಂದಿದ್ದ ಪಾಲಣ್ಣ ಕತ್ತರಿ ಕೆಳಗಿಟ್ಟ. ಬಿಳಿಚೋಡು ಊರಿನ ಹೊರಗಿನ ಆ ಕುರಿರೊಪ್ಪದಲ್ಲಿ ಉಳಿದ ಕುರಿಗಳೆಲ್ಲ ಬೋಳಾಗಿ ನಿಂತಿದ್ದವು. ಇದರ ಬೆನ್ನ ಮೇಲೆ ಮಾತ್ರ ಇನ್ನೂ ಕೆಮ್ಮಣ್ಣಿನ ಜಾಜು ಕಲಸಿ ಒತ್ತಿದ ಕೆಂಪು ಅಂಗೈ. ನಾಲ್ಕೇ ಬೆರಳು. ಅವಳ ಗಂಡ ಚಿತ್ತಪ್ಪನ ಕಿರುಬೆರಳು ಶೇಂಗಾ ಮಿಷನ್ನಿಗೆ ಸಿಕ್ಕಿ ಹೋದ ಮೇಲೆ ಹಿಂಡಿಗೆ ಅದೇ ಗುರುತಾಗಿತ್ತು. ಜಗಳೂರು ಸಂತೆಯವರೂ "ನಾಕ್ ಬೆಳ್ಳಿನ ಕುರಿ" ಅನ್ನುತ್ತಿದ್ದರು. ಈ ಸಲ ಗುರುತು ಹಾಕಿದವನು ಆಮೇಲೆ ಹದಿನೈದು ದಿನವೂ ಬದುಕಲಿಲ್ಲ.

"ಬಿಸಿಲಿಗೆ ಸಾಯ್ತೈತೆ ಅತ್ತಿಗೆ. ಕಿವಿ ತುಂಬಾ ಉಣ್ಣಿ ನೋಡು," ಎಂದ ಮೈದುನ ದುರುಗಣ್ಣ.

ಅವಳು ನೋಡಿದಳು. ಕೈ ಸಡಿಲಿಸಿದಳು.

"ಹಂಗಾದ್ರೆ ಆ ಕೈಯಿ ಇಡಿಯಾಗಿ ತೆಗ್ದುಕೊಡು."

"ಇದೇನು ಚಾಪೆನಾ ಅಕ್ಕಾ, ಸುತ್ತಿ ಕೊಡಾಕೆ?" ಪಾಲಣ್ಣ ನಕ್ಕ. ಅವಳ ಮುಖ ಕಂಡು ನಗು ನುಂಗಿಕೊಂಡ. "ತಡಿ, ನೋಡಾನ."

ಅವನ ಕತ್ತರಿ ಎಂದೂ ಅಷ್ಟು ಮೆಲ್ಲಗೆ ಆಡಿರಲಿಲ್ಲ. ಗಾದ್ರಮ್ಮ ಸೆರಗೊಡ್ಡಿ ಕೂತಳು. ತುಪ್ಪಟ ಮೈಬಿಟ್ಟದ್ದೇ ತಡ, ಚದುರಿ ಚೂರುಚೂರಾಗಿ ಬಿತ್ತು. ಅಂಗೈಯಿಲ್ಲ, ಬೆರಳಿಲ್ಲ, ತುದಿ ಕೆಂಪಾದ ಎಳೆಗಳಷ್ಟೇ. ಅವನ್ನು ಒಂದರ ಪಕ್ಕ ಒಂದಿಟ್ಟು ಕೂಡಿಸಲು ನೋಡಿದಳು. ಗಾಳಿ ಬಂದು ಅರ್ಧ ಒಯ್ದು ಜಾಲಿ ಬೇಲಿಗೆ ಸಿಕ್ಕಿಸಿತು.

"ತಪ್ಪಾತಕ್ಕ," ಎಂದ ಪಾಲಣ್ಣ.

ದುರುಗಣ್ಣ ಜಾಜು ಕಲಸಿದ ಬೋಗುಣಿ ತಂದಿಟ್ಟ. "ಕಿರುಬೆಳ್ಳು ಮಡಚಿ ಒತ್ತು ಅತ್ತಿಗೆ. ಯಾರಿಗೆ ಗೊತ್ತಾಗ್ತೈತೆ?"

ಅವಳು ಕೈ ಅದ್ದಿ ಕಿರುಬೆರಳು ಮಡಚಿದಳು. ಪಕ್ಕದ ಬೆರಳೂ ಜೊತೆಗೇ ಬಾಗಿತು. ಎಡಗೈಯಲ್ಲಿ ಅದನ್ನು ನೆಟ್ಟಗೆ ಹಿಡಿದಳು. ಬಿಟ್ಟರೆ ಮತ್ತೆ ಬಾಗಿತು.

"ನಂಗೆ ಗೊತ್ತಾಗ್ತೈತಪ್ಪ," ಎಂದಳು.

ಅಂಗೈ ಬಿಚ್ಚಿ, ಐದೂ ಬೆರಳನ್ನು ಬೋಳು ಬೆನ್ನಿಗೆ ಒತ್ತಿದಳು. ತಣ್ಣನೆಯ ಜಾಜಿಗೆ ಕುರಿಯ ಚರ್ಮ ನಡುಗಿತು.

ಬುಟ್ಟಿಯಡಿ ಮುಚ್ಚಿಟ್ಟಿದ್ದ ಅದರ ಮರಿ, ಬಿಟ್ಟೊಡನೆ ಓಡಿಬಂತು. ಬೋಳು ತಾಯಿಯನ್ನು ಮೂಸಿ ಹಿಂದೆ ಸರಿಯಿತು. ಹಿಂಡಿನ ನಡುವೆ ಒಂದೊಂದೇ ಕುರಿಯ ಬಳಿ ನಿಂತು ಅರಚತೊಡಗಿತು. ತಾಯಿ ಅದರ ಹಿಂದೆಯೇ, ಕೂಗುತ್ತ, ನಡೆಯುತ್ತಿತ್ತು.