ಅಂಗಿ ಗುಂಡಿಯಷ್ಟು ಬಿಸಿಲು

ಬಲಗಡೆ ಕೂತವರೆಲ್ಲ ಎದ್ದೆದ್ದು ಎಡಗಡೆಗೆ ಬರುತ್ತಿದ್ದಾರೆ, ಮೇ ತಿಂಗಳ ಬಿಸಿಲು ಯಾರಿಗೆ ಬೇಕು, ಕಂಡಕ್ಟರನೂ ಅಂದ, ಅಕ್ಕಾ ಈ ಕಡಿ ಕುಂದರ್ರಿ, ನೆರಳದ, ಕೂತೆ, ತೊಡೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಮಿಠ್ಠು, ಹುಮನಾಬಾದಿನಿಂದ ಕಲ್ಯಾಣ ಮುಟ್ಟುವಷ್ಟರಲ್ಲಿ ಆ ಅಶೋಕಕುಮಾರನಿಗೆ ಏನೇನು ಅನ್ನಬೇಕೋ ಜೋಡಿಸಿಕೊಳ್ಳಬೇಕು, ಸಂಜೆ ಅವನ ಜ್ಯೂಸ್ ಅಂಗಡಿಯಲ್ಲಿ ಗಿರಾಕಿಗಳು ತುಂಬಿರುತ್ತಾರೆ, ತುಂಬಿರಲಿ, ಎಲ್ಲರ ಎದುರಿಗೇ ಬುಟ್ಟಿಯನ್ನು ಗಲ್ಲಾದ ಮೇಲಿಟ್ಟು — ಮುಟ್ಟೋ, ಇದರ ದವಡೆ ಮುಟ್ಟಿ ನೋಡು, ನೆನೆಸಿದ ತೊಗಲಿನ ಹಾಗೆ ಬಗ್ಗುತ್ತದೆ, ಎರಡು ವರ್ಷ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟೆಯಲ್ಲ, ಹೈದರಾಬಾದಿನಿಂದ ತಂದ ಇಗ್ವಾನಾ ಅಂತ ಬೋರ್ಡು ಬೇರೆ, ಗಿಣಿಬಣ್ಣದ ಇಷ್ಟುದ್ದ ಹಲ್ಲಿ, ಬಂದವರೆಲ್ಲ ಗಾಜು ಬಡಿದು ಫೋಟೋ ತೆಗೆದದ್ದೇ ತೆಗೆದದ್ದು, ಸೊಪ್ಪು ತಿನ್ನುವ ಪ್ರಾಣಿಗೆ ಬೇಯಿಸಿದ ಮೊಟ್ಟೆ, ಅವಲಕ್ಕಿ ಚೂಡಾ! ಮೂಲೆಯಲ್ಲಿ ಮುದುಡಿ ನಡುಗುತ್ತಿದ್ದಾಗ ನಾನೇ ಕೇಳಿದೆ, ಅಣ್ಣಾ, ಇದಕ್ಕ ಏನಾಗ್ಯಾದ, ಅವನು ಗ್ಲಾಸು ತೊಳೆಯುತ್ತ ತಲೆ ಸಹ ಎತ್ತಲಿಲ್ಲ, ಸಾಯ್ಲಾಕತ್ತದ, ಬೇಕಂದ್ರ ಒಯ್ರಿ ಉಜ್ವಲಾಬಾಯಿ, ನಾಳಿ ಹ್ಯಾಂಗೂ ಕಸಕ್ಕ ಒಗಿಯೂದೇ. ಕಸಕ್ಕ! ಅವನ ದವಡೆಯೂ ಹೀಗೇ ಜೋತು ಬೀಳಲಿ, ಖಡಕ್ ರೊಟ್ಟಿ ಎದುರಿಗಿಟ್ಟುಕೊಂಡು ಕಡಿಯಲಾಗದೆ ಅಳಲಿ, ಮುಪ್ಪಿನ ತನಕ ಅಂಬಲಿ ಕುಡಿಯಲಿ, ಆಗ ನಾನು ಹೋಗಿ ಅವನ ಗಾಜು ಬಡಿಯುತ್ತೇನೆ, ಇಲ್ಲದಿದ್ದರೆ ನಾನು ಯಶೋದಾಬಾಯಿಯ ಮಗಳೇ ಅಲ್ಲ.

ರಾಜೇಶ್ವರ ಬಂತು, ಯಾರೋ ಇಳಿದರು, ಬುಟ್ಟಿಯೊಳಗೆ ಅಲುಗಾಟವಿಲ್ಲ, ಉಸಿರಿದೆ, ಹೊಟ್ಟೆ ಏರಿ ಇಳಿಯುತ್ತಿದೆ, ಮುಂಗಾಲಿಗೆ ಡಾಕ್ಟರಮ್ಮ ಕಟ್ಟಿದ ಬಿಳಿ ಪಟ್ಟಿ, ಬೆಳಿಗ್ಗೆ ಎತ್ತಿಕೊಳ್ಳುವಾಗ ಕಟ್ ಅಂತು, ಹಸಿ ಕಡ್ಡಿ ಮುರಿದಷ್ಟೇ ಸಪ್ಪಳ, ನನ್ನ ಕೈಯಲ್ಲೇ, ನಾನು ಗಟ್ಟಿಯಾಗಿ ಹಿಡಿದಿರಲಿಲ್ಲ, ದೇವರಾಣೆ. ದನದ ದವಾಖಾನೆಯಲ್ಲಿ ಎಮ್ಮೆ ಎತ್ತುಗಳ ನಡುವೆ ನಾನೊಬ್ಬಳೇ ಹಲ್ಲಿ ಹಿಡಿದು ನಿಂತವಳು, ಮಂದಿ ನಕ್ಕರು, ನಗಲಿ, ಮೀನಾ ಡಾಕ್ಟರು ನಗಲಿಲ್ಲ, ಎಲುಬು ಮೆತ್ತಗಾಗ್ಯಾವ್ರಿ, ಈ ಔಷಧ ಹನಿ ಹನಿ ಹಾಕ್ರಿ, ಎಂಟು ದಿನದಾಗ ತಾನೇ ತಿನ್ಲಾಕ ಹತ್ತಿದ್ರ ಉಳೀತದ, ಇಲ್ಲಂದ್ರ ಇಲ್ಲ. ಆಮೇಲೆ ಇನ್ನೊಂದು ಮಾತು ಕೇಳಿದರು, ಅದು ಈಗ ಬೇಡ. ಉಳಿಯಬೇಕು, ಉಳಿಯದಿದ್ದರೆ ಹೆಣ ಒಯ್ದು ಅವನ ಮಿಕ್ಸರಿನ ಪಕ್ಕದಲ್ಲೇ ಇಡುತ್ತೇನೆ, ಊರಲ್ಲಿ ಯಾರೂ ಅಲ್ಲಿ ಮೋಸಂಬಿ ಕುಡಿಯಬಾರದು. ಮನೆಗೆ ತಂದು ನಾಲ್ಕು ತಿಂಗಳು, ನಾನು ಏನು ಕಡಿಮೆ ಮಾಡಿದೆ, ನುಗ್ಗೆ ಸೊಪ್ಪು, ಕುಂಬಳ ಹೂವು, ಹೊಲಿಗೆ ಮಷೀನಿನ ಪಕ್ಕದಲ್ಲೇ ಹಾಸಿಗೆ, ತಗಡಿನ ಮನೆ ಕಾಯುತ್ತದೆ ಅಂತ ಕಿಟಕಿಗೆ ಗೋಣಿತಟ್ಟು ಕಟ್ಟಿ ದಿನಕ್ಕೆ ಮೂರು ಸಲ ನೀರು ಹೊಡೆದೆ, ಅವ್ವ ಅನ್ನುತ್ತಿದ್ದಳು, ಕೂಸಿಗಿ ಸುದಾ ಇಷ್ಟು ಮಾಡಂಗಿಲ್ಲ ನೋಡು ಯಾರೂ, ತಟ್ಟಿನಲ್ಲಿ ಒಂದು ತೂತು, ಮಧ್ಯಾಹ್ನ ಅದರಿಂದ ನೆಲಕ್ಕೆ ಅಂಗಿ ಗುಂಡಿಯಷ್ಟು ಬಿಸಿಲು ಬೀಳುತ್ತಿತ್ತು, ಅದು ಸರಿದಂತೆಲ್ಲ ಮಿಠ್ಠು ಹೊಟ್ಟೆ ಎಳೆಯುತ್ತ ಅದರ ಹಿಂದೆಯೇ, ಗದ್ದ ಆ ಗುಂಡಿಯೊಳಗಿಟ್ಟು ಕಣ್ಣು ಮುಚ್ಚುತ್ತಿತ್ತು — ಇರಲಿ, ಅಶೋಕಕುಮಾರನ ಮಾತು, ಮೊದಲು ಏನು ಅನ್ನಬೇಕು, ಎರಡು ವರ್ಷ ಕತ್ತಲಲ್ಲಿ ಇಟ್ಟೆಯಲ್ಲೋ ಪಾಪಿ, ಅನ್ನಬೇಕು, ಕತ್ತಲಲ್ಲಿ.

ಬಂಗ್ಲಾ ಕ್ರಾಸಿನ ಹತ್ತಿರ ಬಸ್ಸು ಕಲ್ಯಾಣದ ಕಡೆ ಹೊರಳಿತು, ಹೊರಳಿದ್ದೇ ಬಿಸಿಲು ನಮ್ಮ ಕಡೆ, ಎಲ್ಲರೂ ಮತ್ತೆ ಎದ್ದು ಬಲಕ್ಕೆ, ಏಳ್ರಿ ಅಕ್ಕಾ, ಸುಡ್ತದ, ನನ್ನ ಕೈ ತಾನಾಗಿಯೇ ಸೆರಗೆಳೆದು ಬುಟ್ಟಿ ಮುಚ್ಚಲು ಹೋಯಿತು, ಬುಟ್ಟಿಯ ಹೆಣಿಗೆಯ ಸಂದಿನಿಂದ ಒಳಗೊಂದು ಚುಕ್ಕಿ, ಮಿಠ್ಠು ಮುರಿದ ಕಾಲು ಎಳೆದುಕೊಂಡು, ಬೆಳಗಿನಿಂದ ಅಲುಗದ್ದು, ಗದ್ದವನ್ನು ಅದರ ಮೇಲಿಟ್ಟಿತು. ಮೀನಾ ಡಾಕ್ಟರು ಕೇಳಿದ್ದು ಅದನ್ನೇ, ನಿಮ್ಮ ಮನ್ಯಾಗ ಎಲ್ಲಿ ಇಟ್ಟಿದ್ರಿ, ನಾನು ಎದೆಯುಬ್ಬಿಸಿ ಅಂದೆ, ನೆರಳಾಗ್ರಿ, ಒಂದು ಹನಿ ಬಿಸಿಲು ಬೀಳಗೊಟ್ಟಿಲ್ಲ, ಅವರ ಕೈ ನಿಂತಿತು, ಇದಕ್ಕ ಬಿಸಿಲೇ ಔಷಧ್ರೀ, ಬಿಸಿಲಿಲ್ಲಂದ್ರ ತಿಂದಿದ್ದು ಎಲುಬಿಗಿ ಹತ್ತಂಗಿಲ್ಲ, ಈ ನಾಕು ತಿಂಗಳು ಕಂಡಿದ್ರೂ ಕಾಲು ಮುರೀತಿರಲಿಲ್ಲ. ಅಶೋಕಕುಮಾರನನ್ನು ಬಿಡುವುದಿಲ್ಲ, ಬಿಡುವುದಿಲ್ಲ, ಆದರೆ ಗಲ್ಲಾದ ಎದುರು ಬಾಯಿ ತೆರೆದರೆ ಏನು ಬರುತ್ತದೆ, ಅವನ ಪೆಟ್ಟಿಗೆಗೆ ಗಾಜಾದರೂ ಇತ್ತು, ನನ್ನ ಗೋಣಿತಟ್ಟಿನ ಆ ತೂತು, ಪಾಪ ಸುಡುತ್ತದೆ ಅಂದುಕೊಂಡು, ಮಷೀನು ನಿಲ್ಲಿಸಿ ಎದ್ದು, ದಬ್ಬಣಕ್ಕೆ ಸುತಳಿ ಪೋಣಿಸಿ, ಅದು ಕಣ್ಣು ಮುಚ್ಚಿ ಗದ್ದ ಇಟ್ಟುಕೊಂಡಿರುವಾಗಲೇ, ಒಂದು ಹೊಲಿಗೆ, ಇನ್ನೊಂದು, ಗುಂಡಿಯಷ್ಟು ಬಿಸಿಲು ಕಾಳಿನಷ್ಟಾಯಿತು, ಕಾಳಿನಷ್ಟಿದ್ದದ್ದು ಹೋಯಿತು, ಮಿಠ್ಠು ಕಣ್ಣು ತೆರೆದು ತಲೆ ಎತ್ತಿ ನೋಡಿತು, ಕಿಟಕಿಯನ್ನಲ್ಲ, ನನ್ನ ಕೈಯಲ್ಲಿದ್ದ ದಬ್ಬಣವನ್ನು