ಹಸುಗೂಸಿಗೆ ನಿರಪಾಯ

ಹಾಲನ್ ಮೂರನೆಯ ಸಲ ಮಗುವಿನ ಅಂಗಾಲನ್ನು ಚಿವುಟಿದ. ಈ ಸಲ ಉಗುರು ಊರಿ, ಕೆಂಪು ಗೆರೆ ಮೂಡುವಷ್ಟು. ಮಗು ಕಾಲೆಳೆದುಕೊಳ್ಳಲಿಲ್ಲ.

"ಎಷ್ಟು ಕೊಟ್ಟೆ?" ಎಂದಳು ಹೆಂಡತಿ ಕೆಂಪಿ.

"ಬರೆದಷ್ಟು."

"ಎಷ್ಟು ಬರೆದಿತ್ತು?"

ಹಾಲನ್ ಮಗುವಿನ ಇನ್ನೊಂದು ಕಾಲು ಹಿಡಿದ. ಔಷಧದ ಸೀಸೆಯ ಮೇಲೆ ಬರೆದದ್ದು ಐದು ಹನಿ. ಕೊಟ್ಟದ್ದು ಒಂದು ಚಮಚ, ಅಳು ನಿಲ್ಲದ್ದಕ್ಕೆ ಇನ್ನೊಂದು. ಎಂಟು ತಿಂಗಳ ಬೆಳ್ಳಿಗೆ ಹಲ್ಲು ಬರುತ್ತಿತ್ತು. ಮೂರು ದಿನದಿಂದ ಅವಳು ಅತ್ತಿದ್ದಳು, ಮೂರು ದಿನದಿಂದ ಅವನಿಗೆ ನಿದ್ದೆ ಇರಲಿಲ್ಲ. ಮಗುವಿನ ನೋವಿಗಿಂತ ತನ್ನ ನಿದ್ದೆ ದೊಡ್ಡದಾಗಿತ್ತು ಎಂಬುದು ಈಗ, ಬೆಳಕು ಹರಿದ ಮೇಲೆ, ನಾಚಿಕೆಗೇಡಾಗಿ ಕಂಡಿತು.

ಸೀಸೆ ಕೋಟಿನ ಜೇಬಿನಲ್ಲಿತ್ತು. ಉದಕಮಂಡಲದ ಅಂಗಡಿಯೊಂದರಲ್ಲಿ ಕೊಂಡದ್ದು. ಚೀಟಿಯ ಮೇಲೆ ತೊಟ್ಟಿಲ ಪಕ್ಕ ನಗುವ ಬಿಳಿಯ ತಾಯಿ. ಕೆಳಗೆ ಇಂಗ್ಲಿಷಿನಲ್ಲಿ, ಹಸುಗೂಸಿಗೆ ತಾಯಿಯ ಹಾಲಿನಷ್ಟೇ ನಿರಪಾಯ ಎಂಬ ಭರವಸೆ. ಒಳಗೆ ಏನೇನು ಸೇರಿದೆ ಎಂದು ಬರೆದಿರಲಿಲ್ಲ. ಬಿರಡೆ ತೆಗೆದಾಗಲೇ ಸೋಂಪಿನ ಅಡಿಯಲ್ಲಿ ಬೇರೊಂದು ಕಹಿ ವಾಸನೆ ಮೂಗಿಗೆ ಹೊಡೆದಿತ್ತು. ಅವನ ಅಜ್ಜ ಗುಡ್ಡದ ಹೊಲದಲ್ಲಿ ಗಸಗಸೆ ಬೆಳೆದು ಕಾಯಿ ಗೀರುತ್ತಿದ್ದವನು. ಆ ಮುದುಕನ ಬೆರಳುಗಳು ಸಾಯುವವರೆಗೂ ಇದೇ ವಾಸನೆ ಹೊಡೆಯುತ್ತಿದ್ದವು. ಅಫೀಮು. ಮೂಗಿಗೆ ಗುರುತು ಹತ್ತಿತ್ತು. ಆದರೆ ಅಚ್ಚಾದ ಅಕ್ಷರ ಮೂಗಿಗಿಂತ ದೊಡ್ಡದು ಎಂದು ಮಿಷನ್ ಶಾಲೆಯಲ್ಲಿ ಏಳು ವರ್ಷ ಕಲಿತವನಲ್ಲವೇ ಅವನು.

ಹಾಲನ್ ಮಂಜೂರಿನ ಕೆಳಗಿನ ಈ ಹಟ್ಟಿಯ ಶಾಲೆಗೆ ವಾದ್ಯಾರು. ಓದು ಮುಗಿಸಿ ಊರಿಗೆ ಮರಳಿದ ವರ್ಷವೇ ತಾಯಂದಿರನ್ನೆಲ್ಲ ಕೂಡಿಸಿ ಭಾಷಣ ಬಿಗಿದಿದ್ದ. ಬಣ್ಣದ ಗಿಲಕಿಯಲ್ಲಿ ಸೀಸ, ಕಾಡಿಗೆಯಲ್ಲಿ ಮಸಿ, ನಾಟಿ ಬೇರಿನಲ್ಲಿ ಏನಿದೆಯೋ ಯಾರಿಗೂ ಗೊತ್ತಿಲ್ಲ. "ಹಾಲು ಕುಡಿದ ಮಕ್ಕಳೇ ಬದುಕೋದಿಲ್ಲ, ಇನ್ನು ವಿಷ ಕುಡಿದವು ಬದುಕುತ್ತವೆಯೇ" ಎಂದು ಗಾದೆ ಬೇರೆ. ಮನೆಮನೆಯಿಂದ ಅದನ್ನೆಲ್ಲ ಬಾಚಿ ತಂದು ಅಂಗಳದಲ್ಲಿ ಬೆಂಕಿ ಹಚ್ಚಿದ. ಹೆಂಗಸರು ತಲೆದೂಗಿದರು. ತಾನೂ ಈ ಊರಿನವನೇ ಎಂದು ಅವನಿಗೆ ಅನ್ನಿಸಿದ್ದು ಅದೊಂದೇ ದಿನ.

ಇನ್ನು ನಿನ್ನೆಯ ಸಂಗತಿ. ಮಧ್ಯಾಹ್ನ ಕುರುಂಬರ ಮಲ್ಲ ಇಳಿಜಾರಿನ ಕಾಡಿನಿಂದ ಹತ್ತಿ ಬಂದಿದ್ದ. ಪ್ರತಿ ವರ್ಷ ಹಟ್ಟಿಯ ಹೊಲಗಳಿಗೆ ಮೊದಲ ಹಿಡಿ ಬೀಜ ಎರಚುವವನು ಅವನೇ. ಬಿತ್ತನೆಗೆ ಅವನ ಕೈ ಬೇಕು. ಮಿಕ್ಕ ದಿನ, ಮಾಟ ಬಲ್ಲ ಕುಲದವನೆಂದು, ಅವನ ಕಣ್ಣು ಬಿದ್ದರೂ ಎಲ್ಲರಿಗೂ ಹೆದರಿಕೆ. ಮಗುವಿನ ಅಳು ಕೇಳಿ, ಜಗಿಯಲಿ ಎಂದು ಒಂದು ಬಜೆ ಬೇರು ಕೊಟ್ಟ. ಹಾಲನ್ ಅದನ್ನು ಎಲ್ಲರೆದುರು ಎರಡೇ ಬೆರಳಲ್ಲಿ ಹಿಡಿದು ತಿಪ್ಪೆಗೆಸೆದ. ಮಲ್ಲ ತುಟಿ ಪಿಟಕ್ಕೆನ್ನದೆ ಇಳಿದು ಹೋದ.

ಅವನು ಸುಮ್ಮನೆ ಹೋದದ್ದೇ ತಪ್ಪಾಯಿತು.

"ಬೇರು ಎಸೆದೆಯಲ್ಲ, ಅದಕ್ಕೇ ಕೂಸಿನ ಜೀವ ಕಟ್ಟಿದಾನೆ," ಎಂದ ದೊಡ್ಡಪ್ಪ ಮಾದನ್. ಹಟ್ಟಿಗೆ ಗೌಡ ಅವನು. ಈಗ ಅಂಗಳದಲ್ಲಿ ಅವನ ಹಿಂದೆ ಹತ್ತು ಹನ್ನೆರಡು ಮಂದಿ ದೊಣ್ಣೆ ಹಿಡಿದು ನಿಂತಿದ್ದರು. "ಅವ ಉಸುರಾಡುವ ಗಂಟ ಕೂಸು ಕಣ್ಣು ಬಿಡೋದಿಲ್ಲೆ."

"ಆಸ್ಪತ್ರೆಗೆ ಒಯ್ದರೆ..." ಎಂದ ಹಾಲನ್.

"ಏಕ? ಕೂಸು ಏನ ತಿಂದಿತು?"

ನಾಲ್ಕು ಮಾತು ಸಾಕಿತ್ತು. ಮಾತೂ ಬೇಡ, ಜೇಬಿನ ಸೀಸೆಯನ್ನು ತೆಗೆದು ನೆಲಕ್ಕಿಟ್ಟಿದ್ದರೆ ಸಾಕಿತ್ತು. ಬಾಗಿಲುಗಳಲ್ಲಿ ನಿಂತ ಹೆಂಗಸರು ಅವನ ಬಾಯನ್ನೇ ನೋಡುತ್ತಿದ್ದರು. ಕೆಂಪಿಯೂ ನೋಡುತ್ತಿದ್ದಳು.

"ಏನಿಲ್ಲ," ಎಂದ.

"ಅಪ್ಪ ನೀ. ಮೊದಲ ಏಟು ನಿನ್ನದು." ಮಾದನ್ ಅವನ ಕೈಗೊಂದು ದೊಣ್ಣೆ ಕೊಟ್ಟ.

ಹಾದಿಯಲ್ಲಿ ಹೇಳಿದರಾಯಿತು ಎಂದುಕೊಂಡ. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಇಂಗ್ಲಿಷಿನಲ್ಲಿ ಜೋಡಿಸಿಕೊಂಡ. ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ಬೂಟು ಜಾರುತ್ತಿತ್ತು. ಹೊಳೆ ದಾಟುವಾಗ ಯಾರೋ ಕೈ ಚಾಚಿ, "ಹುಷಾರು ಹಾಲಾ," ಎಂದರು. ಊರಿಗೆ ಮರಳಿದ ಮೇಲೆ ಅವನನ್ನು ವಾದ್ಯಾರೆ ಎನ್ನದೆ ಹೆಸರು ಹಿಡಿದು ಕರೆದದ್ದು ಇದೇ ಮೊದಲು. ಆ ಕೈ ಬೆಚ್ಚಗಿತ್ತು. ಬಿಡಲು ಮನಸ್ಸಾಗಲಿಲ್ಲ. ಇಂಥ ಹೊತ್ತಿನಲ್ಲೂ ಸುಖವಾಯಿತಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು, ಆದರೂ ಸುಖವಾಗಿತ್ತು.

ಮಲ್ಲ ಗುಡಿಸಲ ಮುಂದೆ ಕೂತು ಬಿದಿರು ಸೀಳುತ್ತಿದ್ದ. ದೊಣ್ಣೆಗಳನ್ನು ನೋಡಿ ಎದ್ದ. ಓಡಲಿಲ್ಲ.

"ಹಲ್ಲು ಬಂತಾ ವಾದ್ಯಾರೆ?" ಎಂದ.

"ಕೂಸಿಗೆ ಏನ ಮಾಡಿದೆ?" ಎಂದ ಮಾದನ್.

"ನಾ ಏನೂ ಮಾಡಿಲ್ಲೆ. ಬೇರು ಕೊಟ್ಟೆ. ಅವರು ಎಸೆದರು." ಮಲ್ಲ ಹಾಲನ್ ಕಡೆ ತಿರುಗಿದ. "ನೀವು ಓದಿದವರು. ನೀವೇ ಹೇಳಿ. ಆಮೇಲೆ ಕೂಸಿಗೆ ಏನ ಕೊಟ್ಟಿರಿ?"

ಹಾಲನ್‌ನ ದೊಣ್ಣೆ ಎದ್ದೇಬಿಟ್ಟಿತು. ಸಿಟ್ಟಿನ ಏಟಲ್ಲ, ಮಾತು ನಿಲ್ಲಿಸುವ ಏಟು. ನೇರ ಬಾಯಿಗೆ ಬಿತ್ತು. ಹಲ್ಲು ಮುರಿದ ಅದುರು ಅವನ ಮೊಣಕೈವರೆಗೆ ಬಂದು ತಾಗಿತು. ಮಲ್ಲ ಬಾಯಿಗೆ ಕೈ ಅಡ್ಡ ಹಿಡಿದು ಇನ್ನೂ ಏನೋ ಹೇಳಲು ನೋಡಿದ. ಹಾಲನ್ ಆ ಕೈಯ ಮೇಲೆ ಹೊಡೆದ. ಬಿದ್ದವನ ಎದೆಯ ಮೇಲೆ ಕೂತು, ದೊಣ್ಣೆ ಬಿಸಾಡಿ, ಬರಿಗೈಯಿಂದ ಆ ಬಾಯನ್ನು ಅದುಮಿ ಹಿಡಿದ. ಬೆರಳ ಸಂದಿಯಲ್ಲಿ ಬಿಸಿ ಬಿಸಿಯಾಗಿ ಉಸಿರು ನುಗ್ಗಿತು, ಆಮೇಲೆ ರಕ್ತ, ಆಮೇಲೆ ಏನೂ ಇಲ್ಲ. ಉಳಿದವರು ಸೇರುವ ಹೊತ್ತಿಗೆ ಅವರ ಪಾಲಿಗೆ ಹೆಚ್ಚೇನೂ ಉಳಿದಿರಲಿಲ್ಲ. ಇಬ್ಬರು ಅವನನ್ನು ಹಿಂದಕ್ಕೆಳೆದರು.

ಗುಡಿಸಲಿಗೆ ಬೆಂಕಿ ಇಟ್ಟರು. ಒಳಗಿಂದ ಒಬ್ಬ ಹೆಂಗಸು ಓಡಿ ಕಾಡು ಸೇರಿದಳು. ಯಾರೂ ಬೆನ್ನಟ್ಟಲಿಲ್ಲ. ಅದನ್ನು ಮಾತ್ರ ಹಿಂದಿರುಗುವಾಗ ದಾರಿಯುದ್ದಕ್ಕೂ ತಮ್ಮ ದೊಡ್ಡತನವೆಂದು ಹೇಳಿಕೊಂಡರು.

ಹೊತ್ತು ಇಳಿದಿತ್ತು. ಹಟ್ಟಿಯ ಅಂಚಿನ ಬಂಡೆಯ ಹತ್ತಿರ ಕೆಂಪಿ ನಿಂತಿದ್ದಳು. ಸೊಂಟದ ಮೇಲೆ ಬೆಳ್ಳಿ. ಮಗು ಕಣ್ಣು ಬಿಟ್ಟು, ಗಂಟಲು ಕಟ್ಟಿದ ದನಿಯಲ್ಲಿ ಅಳುತ್ತಿತ್ತು.

"ಯಾವಾಗ?" ಎಂದ ಹಾಲನ್.

"ನೀವು ಹೊಳೆ ದಾಟುವ ಮುಂಚೆ. ವಾಂತಿ ಮಾಡಿ ಕಣ್ಣು ಬಿಟ್ಟಳು. ಈ ಬಂಡೆ ಹತ್ತಿ ಕೂಗಿದೆ, ಕೂಗಿದೆ. ನಿಮಗೆ ಕೇಳಿಲ್ಲೆ."

ಮಾದನ್ ನಕ್ಕ. "ನಾವೆಲ್ಲ ಹೊರಟದ್ದು ತಿಳಿದೇ ಕೈ ಬಿಟ್ಟಿದಾನೆ, ಕಳ್ಳ."

ಎಲ್ಲರೂ ಹೌದೆಂದರು. ಮುದುಕಿಯೊಬ್ಬಳು ಹಾಲನ್‌ನ ಮುಖ ನೀವಿ ನೆಟಿಕೆ ಮುರಿದಳು. "ಎಷ್ಟು ಓದಿದರೂ ನಮ್ಮವನೇ," ಎಂದಳು.

ಈಗ ಹೇಳಬಹುದಿತ್ತೇ? ಈಗ ಹೇಳಿದರೆ ಹೇಳಬೇಕಾದದ್ದು ಔಷಧದ ಮಾತು ಮಾತ್ರ ಆಗಿರಲಿಲ್ಲ. ಅವರ ಮೆಚ್ಚುಗೆ ಮೈಮೇಲೆ ಬೀಳುತ್ತಿತ್ತು; ಒರೆಸಿಕೊಳ್ಳಲು ಆಗಲಿಲ್ಲ.

ಕೆಂಪಿ ಮಗುವನ್ನು ಅವನ ತೋಳಿಗೆ ಹಾಕಿದಳು. ಬೆಳ್ಳಿ ಅಳುತ್ತಲೇ ಗಾಳಿಯಲ್ಲಿ ಕೈಯಾಡಿಸಿ ಅವನ ತೋರುಬೆರಳನ್ನು ಹಿಡಿದು ಬಾಯಿಗೆಳೆದುಕೊಂಡಳು. ಉಗುರಿನ ಸಂದಿಯಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ಕಾಯಿಸಿದ ನೀರಿನಲ್ಲಿ ತೊಳೆಯದ ಕೈಯಿಂದ ಮಗುವನ್ನು ಮುಟ್ಟಕೂಡದೆಂದು ಕೆಂಪಿಗೆ ಕಲಿಸಿದವನು ಅವನೇ. ಅವಳು ಬೆರಳನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು.

ಮಗು ಬೆರಳನ್ನು ವಸಡಿನಿಂದ ಕಚ್ಚಿ ಹಿಡಿದು ಚೀಪತೊಡಗಿತು. ಅಳು ನಿಂತಿತು. ಸುತ್ತಲಿದ್ದವರು ನಕ್ಕರು. ಎಳೆದುಕೊಂಡರೆ ಮತ್ತೆ ಅಳುತ್ತಾಳೆ ಎಂದು ಅವನು ಬೆರಳನ್ನು ಹಾಗೆಯೇ ಬಿಟ್ಟ.